ತೊಟ್ಟಿಲಿಗೆ ಸವಕಳಿ ಬರೆಯಲು ಹೋದದ್ದು

ಯಾವುದೇ ಕಟ್ಟಡದೊಳಗೆ ಕಾಲಿಟ್ಟರೂ ಇಂದಿಗೂ ನನ್ನ ಕಣ್ಣು ಮೊದಲು ಹೋಗುವುದು ಸೂರಿನ ಕಡೆಗೆ. ಫ್ಯಾನು ಎಷ್ಟಿವೆ, ವೈರು ಗೋಡೆಯೊಳಗೆ ಹೋಗಿದೆಯೋ ಮೇಲೆ ಓಡಿದೆಯೋ, ನೀರಿನ ಪೈಪು ಎಲ್ಲಿಂದ ಇಳಿದಿದೆ. ಮದುವೆಮನೆಯಲ್ಲಿ ಬೇರೆ ಹೆಂಗಸರು ಹುಡುಗಿಯ ಸೀರೆಯ ಅಂಚು ನೋಡುತ್ತಿದ್ದರೆ ನಾನು ಅಡುಗೆಮನೆಯ ಹಿಂದೆ ನಿಂತು ಬಾಯ್ಲರು ನೋಡುತ್ತಿರುತ್ತೇನೆ. ನಮ್ಮ ಮನೆಯವರು ಇದ್ದಾಗ ಎಷ್ಟು ಸಲ ನನ್ನ ಕೈ ಹಿಡಿದು ಪಂಕ್ತಿಗೆ ಎಳೆದುಕೊಂಡು ಹೋಗಿದ್ದಾರೋ. ಹಾಳು ಚಾಳಿ. ಎಪ್ಪತ್ತರ ದಶಕದ ಕೊನೆಯಲ್ಲಿ ಅಂಟಿಕೊಂಡದ್ದು, ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ.

ಆಗ ನಾನು ಜಯನಗರದಲ್ಲಿ ಒಬ್ಬ ಆಡಿಟರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಯಾರದೋ ಮನೆಯ ಮಹಡಿಯ ಮೇಲೆ ಮೂರು ಮೇಜು, ಒಂದು ಟೈಪ್‌ರೈಟರು, ಕಿಟಕಿಯಾಚೆ ಹೊಂಗೆ ಮರ. ಹೋಟೆಲಿನವರು, ಟಾಕೀಸಿನವರು, ನರ್ಸಿಂಗ್ ಹೋಮಿನವರು, ರೇಷ್ಮೆ ಮಗ್ಗದವರು ಎಲ್ಲರೂ ಆ ಮಹಡಿ ಹತ್ತುತ್ತಿದ್ದರು. ವ್ಯಾಪಾರಕ್ಕೆ ಬಳಸುವ ವಸ್ತು ವರ್ಷವರ್ಷವೂ ಸವೆಯುತ್ತದೆ, ಆ ಸವಕಳಿಯನ್ನು ಲಾಭದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಕಟ್ಟಿದರೆ ಸಾಕು ಎಂಬುದು ಕಾನೂನು. ಕಟ್ಟಡ ನಿಧಾನವಾಗಿ ಸವೆಯುತ್ತದೆ, ಯಂತ್ರ ಸಾಮಾನು ಬೇಗ ಸವೆಯುತ್ತದೆ ಎಂಬುದು ಅದೇ ಕಾನೂನಿನ ನಂಬಿಕೆ. ನಮ್ಮ ಜನವೋ, ಖರ್ಚು ಮಾಡಿದ್ದನ್ನೆಲ್ಲ ಒಟ್ಟಿಗೆ ಬಿಲ್ಡಿಂಗ್ ಎಂದು ಬರೆಸಿ ಕೈ ತೊಳೆದುಕೊಂಡಿರುತ್ತಿದ್ದರು. ಆ ಬಿಲ್ಡಿಂಗಿನ ಹೊಟ್ಟೆಯೊಳಗಿಂದ ಬಿಲ್ಡಿಂಗ್ ಅಲ್ಲದ್ದನ್ನೆಲ್ಲ ಹುಡುಕಿ ಹೊರಗೆ ತೆಗೆದರೆ ಮಾಲೀಕನಿಗೆ ತೆರಿಗೆ ಕಡಿಮೆಯಾಗುತ್ತಿತ್ತು. ಹಾಗೆ ಹುಡುಕಲೆಂದೇ ಆಡಿಟರು ಒಬ್ಬ ನಿವೃತ್ತ ಎಂಜಿನಿಯರನ್ನು ಇಟ್ಟುಕೊಂಡಿದ್ದರು. ಅವರನ್ನು ನಾನು ಸಾರ್ ಎನ್ನುತ್ತಿದ್ದೆ, ಇಲ್ಲೂ ಹಾಗೆಯೇ ಕರೆಯುತ್ತೇನೆ.

ಸಾರ್‌ಗೆ ಮಂಡಿನೋವು. ಮೆಟ್ಟಿಲು ಕಂಡರೆ ಮುಖ ಹುಳ್ಳಗೆ ಮಾಡುತ್ತಿದ್ದರು. ಒಂದು ದಿನ ಯಾವುದೋ ಹೋಟೆಲಿನ ತಾರಸಿಯ ಮೇಲಿನ ನೀರಿನ ಟ್ಯಾಂಕು ನೋಡಬೇಕಾಗಿ ಬಂದು, ಟೈಪು ಮಾಡುತ್ತಿದ್ದ ನನ್ನನ್ನು ಎಬ್ಬಿಸಿದರು. "ನಿಂಗೆ ಕಣ್ಣೂ ಇದೆ, ಕಾಲೂ ಇದೆ. ಬಾಮ್ಮಾ" ಎಂದರು. ಅವತ್ತಿನಿಂದ ಸರ್ವೆ ಎಂದರೆ ನಾನೂ ಹೋಗಬೇಕು ಎಂದಾಯಿತು. ಸಾರ್ ಕೆಳಗೆ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿಯುವುದು, ನಾನು ಮೇಲೆ ಕೆಳಗೆ ಓಡಾಡಿ ಕಂಡದ್ದನ್ನು ಬಂದು ಹೇಳುವುದು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಕಿತ್ರೆ ಅದೊಂದೇ ಬರುತ್ತೋ, ಗೋಡೆನೂ ಜೊತೆಗೆ ಬರುತ್ತೋ?" ಅದೊಂದೇ ಬಂದರೆ ಸಾಮಾನು. ಗೋಡೆಯೂ ಬಂದರೆ ಕಟ್ಟಡ. ನೆಲದಲ್ಲಿ ಹೂತ ಒರಳುಕಲ್ಲಿನ ಮುಂದೆ ನಿಂತು ನಾವಿಬ್ಬರೂ ಅರ್ಧ ಬೆಳಗು ವಾದ ಮಾಡಿದ್ದುಂಟು.

ಇದರಲ್ಲಿ ಒಂದು ತಮಾಷೆಯೂ ಇತ್ತು. ನಾವು ಬರುತ್ತೇವೆಂದು ಆಡಿಟರು ಮೊದಲೇ ಹೇಳಿ ಕಳಿಸಿರುತ್ತಿದ್ದರು. ಆದರೂ ಬರೆದುಕೊಳ್ಳುವವರು ಬಂದರು ಎಂದ ಕೂಡಲೇ ಮನೆ ಮಂದಿಗೆಲ್ಲ ಜಪ್ತಿಯವರೇ ಬಂದಂತೆ ಗಾಬರಿ. ಹಂಡೆ ಕೊಳಗಗಳು ಪಕ್ಕದ ಮನೆಗೆ ಹೋಗಿಬಿಡುತ್ತಿದ್ದವು. ಮೋಟಾರಿನ ಮೇಲೆ ಗೋಣಿಚೀಲ ಹೊದಿಸಿ ಅದರ ಮೇಲೆ ಈರುಳ್ಳಿ ಸುರಿದಿದ್ದರು ಒಬ್ಬರು. ಯಾವುದನ್ನು ತೋರಿಸಿದರೆ ಅವರಿಗೆ ಲಾಭವೋ ಅದನ್ನೇ ಬಚ್ಚಿಟ್ಟು, ಬರಿಯ ಗೋಡೆ ತೋರಿಸಿ ಕೈ ಮುಗಿಯುತ್ತಿದ್ದರು. "ತೋರ್ಸಿ ಸ್ವಾಮಿ, ತೋರ್ಸಿದಷ್ಟೂ ನಿಮಗೇ ಒಳ್ಳೇದು" ಎಂದು ಸಾರ್ ಗೋಗರೆಯುತ್ತಿದ್ದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಬೈಸಿಕೊಂಡಿದ್ದೇನೆ.

ಇನ್ನು ನನ್ನ ಸಂಗತಿ. ಮದುವೆಯಾಗಿ ವರ್ಷಗಳು ಕಳೆದಿದ್ದವು, ಮಕ್ಕಳಿರಲಿಲ್ಲ. ಡಾಕ್ಟರು, ಹರಕೆ, ಅರಳಿಕಟ್ಟೆ ಪ್ರದಕ್ಷಿಣೆ ಎಲ್ಲ ಆಗಿತ್ತು. ನಮ್ಮ ಮನೆಯವರು ಕಾರ್ಖಾನೆಯ ಕೆಲಸದವರು, ಮಾತು ಕಡಿಮೆ, ಒಂದು ದಿನ ಒಂದು ಮಾತು ಅಂದವರಲ್ಲ. ಅಂದವರೆಲ್ಲ ಬೇರೆಯವರೇ. ನಾನು ಸುಮ್ಮನೆ ಅನ್ನಿಸಿಕೊಳ್ಳುವ ಜಾತಿಯಲ್ಲ. ಬನಶಂಕರಿಯ ನಮ್ಮ ವಠಾರದಲ್ಲಿ ಒಬ್ಬಾಕೆ "ಇನ್ನೂ ಏನೂ ವಿಶೇಷ ಇಲ್ವಾ?" ಎಂದು ನಲ್ಲಿಯ ಹತ್ತಿರ ಕೇಳಿದಾಗ "ಇದೆ ಕಣ್ರೀ, ನಿಮ್ ಬಿಂದಿಗೆ ತುಂಬಿ ಚೆಲ್ತಾ ಇದೆ" ಎಂದಿದ್ದೆ. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತದ್ದು ಅವಳಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಯಾರ ಮಡಿಲಲ್ಲಾದರೂ ಮಗು ನಿದ್ದೆ ಮಾಡುತ್ತಿದ್ದರೆ ಅದರ ಅಂಗಾಲು ನೋಡುತ್ತಾ ನನ್ನ ಸ್ಟಾಪು ದಾಟಿ ಮುಂದೆ ಹೋಗಿಬಿಡುತ್ತಿದ್ದೆ. ಅಷ್ಟು ಆಸೆ ಇತ್ತು ನನಗೆ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು.

ನಮ್ಮಣ್ಣನ ಮನೆ ತಿಲಕ್ ನಗರದಲ್ಲಿತ್ತು. ಅವನಿಗೆ ಮೂರು ಗಂಡು ಮಕ್ಕಳು, ಸಣ್ಣ ಸಂಬಳ. ಅತ್ತಿಗೆ ನಾಲ್ಕನೆಯದಕ್ಕೆ ಬಸುರಿ ಎಂದು ಗೊತ್ತಾದ ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ನಾನು ಅವಳ ಜೊತೆ ಅವರೆಕಾಯಿ ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ "ಇದು ಹುಟ್ಟಿದ್ರೆ ನಿಂಗೇ ಕಣೇ. ನಿಮ್ಮಣ್ಣನ ಹತ್ರ ಮಾತಾಡಿದೀನಿ. ಹೆಣ್ಣಾಗ್ಲಿ ಗಂಡಾಗ್ಲಿ, ನೀನೇ ಸಾಕ್ಕೋ" ಎಂದಳು. ನಮ್ಮಲ್ಲಿ ಇದು ಹೊಸದೇನಲ್ಲ. ನಮ್ಮ ಚಿಕ್ಕಜ್ಜಿಯೂ ಅಕ್ಕನ ಮಗನನ್ನು ಸಾಕಿ ದೊಡ್ಡವನನ್ನು ಮಾಡಿದವಳು. ನಾಮಕರಣದ ದಿನ ಸಾಕುವವರೇ ತಂದೆತಾಯಿಯಾಗಿ ಮಣೆಯ ಮೇಲೆ ಕೂರುವುದು, ಅಲ್ಲಿಂದ ಮಗು ಅವರದು. ಕಾಗದ ಪತ್ರ ಏನೂ ಇಲ್ಲ. ನಾನು ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕತೊಡಗಿದೆ.

ಅತ್ತಿಗೆಗೆ ಎಂಟನೆಯ ತಿಂಗಳಿದ್ದಾಗ ನಮ್ಮ ಕಚೇರಿಗೆ ಆ ಛತ್ರದ ಕೆಲಸ ಬಂತು. ಬನಶಂಕರಿ ದಾಟಿ ಕನಕಪುರ ರಸ್ತೆಯ ಪಕ್ಕದಲ್ಲಿ ಹೊಸದಾಗಿ ಎದ್ದಿದ್ದ ಕಲ್ಯಾಣ ಮಂಟಪ. ಯಜಮಾನರು ಮೊದಲು ರಾಗಿ, ಅವರೆ ಬೆಳೆಯುತ್ತಿದ್ದವರು. ಬಡಾವಣೆಗೆ ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ಛತ್ರ ಕಟ್ಟಿಸಿದ್ದರು. ದೊಡ್ಡ ಹಾಲು, ಹಿಂದೆ ಅಡುಗೆಮನೆ, ಮೇಲೆ ಗಂಡಿನ ಕಡೆಯವರಿಗೆ ಕೋಣೆಗಳು, ಬಾಗಿಲಲ್ಲಿ ಬಣ್ಣದ ದೀಪಗಳಲ್ಲಿ ಬರೆದ ಸ್ವಾಗತ. ಇಲ್ಲಿ ಬಚ್ಚಿಡುವವರು ಯಾರೂ ಇರಲಿಲ್ಲ. ಯಜಮಾನರಿಗೆ ವಿಷಯ ಚೆನ್ನಾಗಿ ಅರ್ಥವಾಗಿತ್ತು, ಅತಿಯಾಗಿಯೇ ಅರ್ಥವಾಗಿತ್ತು. ಜನರೇಟರು ಬರೆಸಿದರು, ಹಬೆಯ ಬಾಯ್ಲರು ಬರೆಸಿದರು, ಮೈಕು, ಸ್ಟೀಲು ಕುರ್ಚಿ, ಜಮಖಾನ. "ಇದೂ ಬರ್ಕೊಳಿ ಸಾ" ಎನ್ನುತ್ತಾ ತೆಂಗಿನಕಾಯಿ ತುರಿಯುವ ಮಣೆಯವರೆಗೂ ಬಂದರು. ಸಾರ್ ಸುಸ್ತಾಗಿ ಎರಡನೆಯ ಕಾಫಿ ತರಿಸಿಕೊಂಡರು.

ಹಾಲಿನ ಪಕ್ಕದ ಸಣ್ಣ ಕೋಣೆಗೆ ನಾನು ಹೋದದ್ದು ಫ್ಯಾನು ನೋಡಲು. ಫ್ಯಾನಿನ ಜಾಗದಲ್ಲಿ ದಪ್ಪ ಕಬ್ಬಿಣದ ಕೊಂಡಿ ಇತ್ತು, ಅದರಿಂದ ಹಿತ್ತಾಳೆಯ ಸರಪಳಿ ಇಳಿದಿತ್ತು, ಸರಪಳಿಗೆ ಒಂದು ತೊಟ್ಟಿಲು. ಹಲಸಿನ ಮರದ್ದು. ನಾಲ್ಕು ಮೂಲೆಗೂ ಗಿಣಿ, ಅಂಚಿಗೆ ಅರಗಿನ ಬಣ್ಣ. ಎಷ್ಟೋ ಕೈಗಳು ಹಿಡಿದು ಹಿಡಿದು ಒಂದು ಬದಿಯ ಬಣ್ಣ ಹೋಗಿ ಮರ ನುಣ್ಣಗಾಗಿತ್ತು. ನಾಮಕರಣಕ್ಕೆ ಛತ್ರ ಹಿಡಿದವರಿಗೆ ಅದನ್ನು ಹಾಲಿನೊಳಗೆ ತಂದು ಕಟ್ಟಿಕೊಡುತ್ತಿದ್ದರಂತೆ. ನಾನು ಅದರೊಳಗೆ ಇಣುಕಿ ನಿಂತೆ. ನನ್ನ ಕೈ ಬೇಡ ಬೇಡವೆಂದರೂ ಅದರ ಅಂಚಿಗೆ ಹೋಯಿತು.

"ತೂಗಬ್ಯಾಡ ಕಣವ್ವ, ಬರೀ ತೊಟ್ಟಿಲು ತೂಗಬಾರ್ದು" ಎಂದು ಹಿಂದಿನಿಂದ ದನಿ ಬಂತು. ಯಜಮಾನರ ಹೆಂಡತಿ. ಅಗಲ ಕುಂಕುಮದ, ದೊಡ್ಡ ಕೈಗಳ ಹೆಂಗಸು. ನಾನು ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಯಜಮಾನರೂ ಸಾರೂ ಅಲ್ಲಿಗೆ ಬಂದರು. "ಇದನ್ನೂ ಬರ್ಕೊಳಿ ಸಾ, ಬಾಡಿಗೆಗೆ ಕೊಡ್ತೀವಿ" ಎಂದರು ಯಜಮಾನರು. ಸಾರ್ ತಲೆಯಾಡಿಸಿ ನನಗೆ ಸನ್ನೆ ಮಾಡಿದರು. ನಾನು ಬರೆಯಲು ಪೆನ್ನು ತೆಗೆದೆ.

"ಏನಂತ ಬರಿತೀಯವ್ವ ನೀನು?" ಎಂದು ಆಕೆ ನನ್ನನ್ನೇ ಕೇಳಿದರು.

ಸಾರ್ ಉತ್ತರ ಕೊಟ್ಟರು. ಸಾಮಾನು ಸವೆಯುತ್ತದಮ್ಮಾ, ಈ ವರ್ಷ ಇಷ್ಟು ಬೆಲೆ ಇದ್ದದ್ದು ಬರೋ ವರ್ಷ ಅದಕ್ಕಿಂತ ಕಮ್ಮಿ, ಅದರ ಮುಂದಿನ ವರ್ಷ ಇನ್ನೂ ಕಮ್ಮಿ, ಕೊನೆಗೆ ಏನೂ ಇಲ್ಲ ಅಂತ ಲೆಕ್ಕ, ಅಷ್ಟೂ ತೆರಿಗೆ ಉಳಿಯುತ್ತೆ ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಜನರೇಟರಿನ ಮುಂದೆ ಎಲ್ಲರೂ ಖುಷಿಯಿಂದ ಕೇಳಿದ ಮಾತು ಅದೇ. ತೊಟ್ಟಿಲ ಮುಂದೆ ಹೇಳಬಾರದಿತ್ತು.

ಆಕೆಯ ಮುಖ ಕಪ್ಪಿಟ್ಟಿತು. "ತೊಟ್ಟಿಲು ವರ್ಷ ವರ್ಷ ಕಮ್ಮಿ ಆಯ್ತದೆ, ಕೊನೆಗೆ ಏನೂ ಇಲ್ಲ ಅಂತ ಬರೆಯಾಕೆ ಬಂದಿದ್ದೀರಾ ನನ್ ಮನೆಗೆ? ನನ್ ಮಗಳು ಐದು ತಿಂಗಳ ಬಸುರಿ ಅವಳೆ. ಈ ಮಾತು ಕೇಳಿಸ್ಕೊಂಡ್ ತೊಟ್ಟಿಲಿಗೆ ನಾನು ಮೊಮ್ಮಗು ಹಾಕ್ಲಾ? ಆಗಾಕಿಲ್ಲ. ಬೇಕಾದ್ರೆ ಛತ್ರನೇ ಬರ್ಕೊಂಡು ಹೋಗಿ" ಎಂದವರೇ ಬಾಗಿಲಿಗೆ ಅಡ್ಡ ನಿಂತರು. ಯಜಮಾನರು "ಏ, ಅದು ಬರೀ ಕಾಗದದ ಮೇಲೆ ಕಣೆ" ಎಂದರು. ಆಕೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಸಾರ್ ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ "ಹೆಂಗಸರ ವಿಷಯ. ನೀನೇ ಹೇಳಿ ಒಪ್ಪಿಸಮ್ಮಾ" ಎಂದು ಹೇಳಿ ಯಜಮಾನರನ್ನು ಕರೆದುಕೊಂಡು ಜಾಗ ಖಾಲಿ ಮಾಡಿದರು. ಕಷ್ಟ ಬಂದಾಗ ಮಂಡಿನೋವು ಅವರಿಗೆ ಅಡ್ಡಿಯಾಗುತ್ತಿರಲಿಲ್ಲ.

ನಾನು ಒಪ್ಪಿಸಲು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದರು. "ನಿಂಗೆಷ್ಟು ಮಕ್ಕಳವ್ವ?"

ಬೇರೆ ಯಾರಾದರೂ ಆಗಿದ್ದರೆ ಒಂದು ಚುರುಕು ಮುಟ್ಟಿಸುತ್ತಿದ್ದೆ. ಆಕೆಗೆ ಹಾಗೆ ಹೇಳಲಾಗಲಿಲ್ಲ. "ಇಲ್ಲಮ್ಮ. ಬರ್ತಾ ಇದೆ. ನಮ್ಮಣ್ಣನ ಮಗು, ಮುಂದಿನ ತಿಂಗಳು ಹುಟ್ಟುತ್ತೆ. ನಂಗೇ ಕೊಡ್ತಾರೆ" ಎಂದೆ. ಹೊರಗಿನವರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ನಿಜವೇ ಆಗಿಬಿಟ್ಟಿತೆನಿಸಿ ಮೈಯೆಲ್ಲ ಬೆಚ್ಚಗಾಯಿತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ಬಿಟ್ಟು ಒಳಗೆ ಬಂದು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತರು, ನನ್ನನ್ನೂ ಕೂರಿಸಿಕೊಂಡರು.

"ತಲಘಟ್ಟಪುರ ನನ್ ತವರು" ಎಂದರು. "ನಾನು ಇದರಾಗೇ ಮಲಗಿದ್ದೋಳು. ನನ್ ಮೊದಲ ಬಾಣಂತನ ಮುಗಿಸ್ಕೊಂಡು ಬರೋವಾಗ ನಮ್ಮಪ್ಪ ಗಾಡಿ ಮ್ಯಾಲೆ ಹೇರ್ಕೊಂಡು ತಂದು ಇಳಿಸಿದ್ದು. ನಿನ್ ಮಗಿಗೂ ಇದನ್ನೇ ಕಳಿಸ್ತೀನಿ, ಬಾಡಿಗೆ ಬ್ಯಾಡ. ಈಗ ಹೇಳು, ನಿನ್ ಮಗು ಮಲಗೋ ತೊಟ್ಟಿಲಿಗೆ ನೀನೇ ನಿನ್ ಕೈಯಾಗೆ ಬರಿತೀಯಾ, ಕಮ್ಮಿ ಆಯ್ತದೆ ಅಂತ?"

ನನಗೆ ಬರೆಯಲಾಗಲಿಲ್ಲ. ಮೂಢನಂಬಿಕೆ ಎಂದು ನಗುವವರು ನಗಲಿ. ಆ ದಿನಗಳಲ್ಲಿ ನಾನು ಹಲ್ಲಿ ಲೊಚಗುಟ್ಟಿದರೂ ಎದೆ ಮುಟ್ಟಿಕೊಳ್ಳುತ್ತಿದ್ದೆ. ಹೊರಗೆ ಬಂದು ಸಾರ್‌ಗೆ "ತೊಟ್ಟಿಲು ಯಜಮಾನರದಲ್ಲ ಸಾರ್, ಅಮ್ಮನ ತವರಿನಿಂದ ಬಂದದ್ದು" ಎಂದೆ. ಸಾರ್ ಕನ್ನಡಕ ಸರಿ ಮಾಡಿಕೊಂಡರು. "ಹಾಗಾದ್ರೆ ಸರಿ. ಹೆಂಡ್ತಿ ಸ್ವತ್ತಿಗೆ ಗಂಡ ಸವಕಳಿ ಕೇಳೋ ಹಾಗಿಲ್ಲ. ಕೊಂಡಿ ಕಟ್ಟಡಕ್ಕೆ, ತೊಟ್ಟಿಲು ಆಯಮ್ಮಂಗೆ" ಎಂದು ಎದ್ದರು. ಯಜಮಾನರು ಮುಖ ಊದಿಸಿಕೊಂಡರು. ಆಕೆ ನಮಗೆ ಚಕ್ಕುಲಿ ಕಟ್ಟಿಕೊಟ್ಟರು.

ಅಣ್ಣನಿಗೆ ಹೆಣ್ಣು ಮಗು ಹುಟ್ಟಿತು. ಮೂರು ಗಂಡಿನ ಮೇಲೆ ಹುಟ್ಟಿದ ಹೆಣ್ಣು. ನರ್ಸಮ್ಮ ಹೊರಗೆ ಬಂದು ಹೇಳಿದಾಗ ಅಣ್ಣನ ಮುಖ ಒಂದು ಕ್ಷಣ ಅರಳಿ ಆಮೇಲೆ ನನ್ನ ಕಡೆ ತಿರುಗಿ ಸುಮ್ಮನಾಯಿತು. ನಾನು ಅದನ್ನು ನೋಡಿದೆ, ನೋಡಲಿಲ್ಲ ಎಂದುಕೊಂಡೆ. ಅತ್ತಿಗೆಗೆ ತಾಯಿ ಇರಲಿಲ್ಲ. ಬಾಣಂತನ ನಾನೇ ಮಾಡುತ್ತೇನೆಂದು ಸಾರ್‌ಗೆ ವಿಷಯ ಹೇಳಿ ರಜೆ ಕೇಳಿದೆ. ಸಾರ್ ಆಡಿಟರ ಜೊತೆ ಜಗಳವಾಡಿ ರಜೆ ಕೊಡಿಸಿದರು. "ಮಗಳನ್ನ ಕರ್ಕೊಂಡು ಬಂದ್ಮೇಲೇ ಬಾ" ಎಂದರು.

ತಿಲಕ್ ನಗರದ ಆ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ದಿನಾ ಎಣ್ಣೆ ನೀರು ಹಾಕಿದೆ. ಕೆಂಪು ಕೆಂಪು ಮೈ, ಬೆನ್ನ ಮೇಲೆ ನವಿರು ಕೂದಲು. ನೀರು ಬಿದ್ದ ಕೂಡಲೇ ಕೂಗುವುದು, ಸಾಂಬ್ರಾಣಿ ಹೊಗೆ ಹಿಡಿದು ಸುತ್ತಿ ಮಲಗಿಸಿದರೆ ನಿಟ್ಟುಸಿರು ಬಿಟ್ಟು ನಿದ್ದೆ. ನಮ್ಮ ಮನೆಯವರು ಕೆಲಸದಿಂದ ನೇರ ಅಲ್ಲಿಗೇ ಬರುತ್ತಿದ್ದರು. ಕೈ ತೊಳೆದು, ಒರೆಸಿ, ಮತ್ತೆ ತೊಳೆದು, ಬರಿಯ ಒಂದು ಬೆರಳು ಚಾಚುತ್ತಿದ್ದರು. ಮಗು ಆ ಬೆರಳು ಹಿಡಿದುಕೊಂಡರೆ ಅವರು ಬಗ್ಗಿದವರು ಬಗ್ಗಿದ ಹಾಗೇ ಇರುತ್ತಿದ್ದರು. ಒಂದು ದಿನ ಜಯನಗರದ ಅಂಗಡಿ ಕಾಂಪ್ಲೆಕ್ಸಿಗೆ ಹೋಗಿ ಗುಲಾಬಿ ಬಣ್ಣದ ಕುಲಾವಿ ತಂದರು. ಮಾತಿಲ್ಲದ ಮನುಷ್ಯ ಅಂಗಡಿಯವನಿಗೆ ಏನೆಂದು ಹೇಳಿ ಕೇಳಿದರೋ.

ಅತ್ತಿಗೆ ಹಾಲು ಕೊಡುವಾಗ ಮಾತ್ರ ನಾನು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಮೊದಲ ದಿನಗಳಲ್ಲಿ ಅವಳು ಮಗುವನ್ನು ಎತ್ತಿಕೊಂಡು ಕೂತು ಗೋಡೆ ನೋಡುತ್ತಿದ್ದಳು, ಮುಗಿದ ಕೂಡಲೇ ನನ್ನ ಕೈಗೆ ಕೊಟ್ಟು ಮಗ್ಗುಲಾಗುತ್ತಿದ್ದಳು. ಬರಬರುತ್ತಾ ಮುಗಿದ ಮೇಲೂ ಕರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಳಗೆ ಹೋದರೆ ಅವಳು ಮಗುವಿನ ಜೊತೆ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಹರಿದು ಹೋಗುವ ಹಾಗೆ ಒಗೆದೆ. ಕೇಳಿಬಿಡೋಣ ಎಂದು ಎಷ್ಟು ಸಲ ಬಾಯಿವರೆಗೆ ಬಂದಿತೋ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯಕ್ಕೆ ಕೇಳಲಿಲ್ಲ.

ನಾಮಕರಣದ ಬೆಳಿಗ್ಗೆ ತೊಟ್ಟಿಲು ಟೆಂಪೋದಲ್ಲಿ ಬಂತು. ಅದರ ಜೊತೆ ಛತ್ರದ ಅಮ್ಮನೂ ಬಂದರು, ಮಡಿಲಲ್ಲಿ ಒಂದು ಗುಂಡುಕಲ್ಲು ಇಟ್ಟುಕೊಂಡು. ನಮ್ಮ ಕಡೆ ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಕುಂಕುಮ ಇಟ್ಟು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ನಮ್ಮ ಮನೆಯವರು ಸ್ಟೂಲು ಹತ್ತಿ ಸರಪಳಿ ಕಟ್ಟಿದರು, ಎಳೆದು ನೋಡಿ ಮತ್ತೆ ಕಟ್ಟಿದರು. ನಾನು ಮದುವೆಯ ಸೀರೆ ಉಟ್ಟಿದ್ದೆ. ಮಗುವಿಗೆ ನೀರು ಹಾಕಿ, ಕುಲಾವಿ ತೊಡಿಸಿ, ಎತ್ತಿಕೊಂಡು ನಡುಮನೆಗೆ ಬಂದೆ. ಹೆಂಗಸರು ಸುತ್ತ ಸೇರಿದ್ದರು. ತೊಟ್ಟಿಲ ಮುಂದೆ ಮಣೆ ಹಾಕಿತ್ತು.

ಛತ್ರದ ಅಮ್ಮನಿಗೆ ಗೊತ್ತಿದ್ದದ್ದು ನಾನು ಹೇಳಿದ್ದಷ್ಟೇ. ಅವರು ನನ್ನನ್ನು ನೋಡಿ ನಕ್ಕು "ಬಾವ್ವ, ತಾಯಿ ಬಂದು ಮಣೆ ಮ್ಯಾಲೆ ಕೂತ್ಕೊಳ್ಳಿ" ಎಂದರು.

ನಾನು ಮುಂದೆ ಬಂದೆ. ಕೂರಲು ಸೀರೆಯ ನೆರಿಗೆ ಎತ್ತಿ ಹಿಡಿದೆ. ಅಷ್ಟರಲ್ಲಿ ಒಳಕೋಣೆಯಿಂದ ಅತ್ತಿಗೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೆನ್ನೆಗೆ ಅರಿಶಿನ ಹಚ್ಚಿಕೊಂಡು. ಯಾರ ಮುಖವನ್ನೂ ನೋಡದೆ ಬಂದು ಮಣೆಯ ಮೇಲೆ ಕೂತಳು, ಸೆರಗು ಹರಡಿ ಮಡಿಲು ಮಾಡಿದಳು. ಅಣ್ಣ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದ. ನಾನು ಬಗ್ಗಿ ಮಗುವನ್ನು ಅವಳ ಮಡಿಲಿಗೆ ಹಾಕಿದೆ. ಕುಲಾವಿ ಓರೆಯಾಗಿತ್ತು, ಸರಿ ಮಾಡಿದೆ.

ಅತ್ತಿಗೆ ತಲೆ ಎತ್ತದೆ ಹೇಳಿದಳು. "ಸೋದರತ್ತೆ ನೀನೇ ಅಲ್ವೇನೇ. ಹೆಸರು ನೀನೇ ಹೇಳ್ಬೇಕು."

ಹೌದು, ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಅಪ್ಪನ ಅಕ್ಕತಂಗಿಯರ ಹಕ್ಕು. ತಾಯಿಯಾಗಿ ಕೂತಿದ್ದರೆ ನಾನು ಹೇಳುವಂತಿರಲಿಲ್ಲ. ನಾನು ಮನಸ್ಸಿನಲ್ಲಿ ಒಂದು ಹೆಸರು ಆರಿಸಿಟ್ಟುಕೊಂಡಿದ್ದೆ, ನಮ್ಮ ಮನೆಯವರಿಗೆ ಮಾತ್ರ ಹೇಳಿದ್ದೆ. ಒಂದು ಕ್ಷಣ ಸ್ವಾರ್ಥ ಬಂತು, ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡು ಬಾಯಿಗೆ ಬಂದ ಬೇರೊಂದು ದೇವರ ಹೆಸರು ಹೇಳಿಬಿಡೋಣ ಎಂದು. ಮಗುವಿನ ಕಿವಿಯ ಹತ್ತಿರ ಬಗ್ಗಿದರೆ ನಾನೇ ಹಚ್ಚಿದ ಎಣ್ಣೆಯ, ನಾನೇ ಹಾಕಿದ ಸಾಂಬ್ರಾಣಿಯ ವಾಸನೆ. ಆ ಹೆಸರನ್ನೇ ಕೊಟ್ಟುಬಿಟ್ಟೆ. ಹೆಂಗಸರು ಸೋಬಾನೆ ಎತ್ತಿಕೊಂಡರು. ಛತ್ರದ ಅಮ್ಮನ ದೊಡ್ಡ ಕೈ ನನ್ನ ಬೆನ್ನ ಮೇಲೆ ಬಂದು ಕೂತಿತು, ಊಟಕ್ಕೆ ಏಳುವವರೆಗೂ ಅಲ್ಲೇ ಇತ್ತು.

ಸಂಜೆ ಪಾತ್ರೆ ತೊಳೆಯುವಾಗ ಅತ್ತಿಗೆ ಹಿತ್ತಲಿಗೆ ಬಂದಳು. ಬಾಣಂತಿ ಗಾಳಿಗೆ ಬರಬಾರದು ಎಂದೆ. "ಕೊಡಕ್ಕೆ ಕೈ ಬರ್ಲಿಲ್ಲ ಕಣೇ" ಎಂದಳು. ಸಿಟ್ಟು ಮಾಡಬೇಕೆಂದು ಬೆಳಗಿನಿಂದ ಮಾತು ಕೂಡಿಸಿಟ್ಟುಕೊಂಡಿದ್ದೆ. ಅವಳ ಮುಖ ನೋಡಿದರೆ ಅದು ಅತ್ತು ಅತ್ತು ಊದಿತ್ತು. ಅಷ್ಟು ದಿನ ಆ ಮಗುವಿಗೆ ನೀರು ಹಾಕಿದ ನನಗೆ ಗೊತ್ತಿಲ್ಲದೆ ಇರುತ್ತದೆಯೇ, ನಾನಾಗಿದ್ದರೂ ಕೊಡುತ್ತಿರಲಿಲ್ಲ. "ಗೊತ್ತು, ಒಳಗೆ ನಡಿ" ಎಂದೆ. ರಸ್ತೆಯಲ್ಲಿ ನಾನೂ ನಮ್ಮ ಮನೆಯವರೂ ಮನೆಯವರೆಗೆ ನಡೆದೆವು. ಬಸ್ಸುಗಳು ಬಂದವು, ಹತ್ತಲಿಲ್ಲ.

ಆ ಹುಡುಗಿ ಬೆಳೆದಳು, ಓದಿದಳು, ಮಕ್ಕಳ ತಾಯಿಯಾದಳು. ಅವಳನ್ನು ಯಾರು ಕೂಗಿದರೂ ನಾನು ಇಟ್ಟುಕೊಂಡಿದ್ದ ಹೆಸರಿನಿಂದಲೇ ಕೂಗಬೇಕು. ಹಬ್ಬಕ್ಕೆ ಬಂದರೆ "ಅತ್ತೇ" ಎಂದು ಬಾಗಿಲಿನಿಂದಲೇ ಕರೆಯುತ್ತಾಳೆ. ಆ ಕರೆ ಕೇಳಿದ ಪ್ರತಿ ಸಲವೂ ನನಗೆ ಸಂತೋಷವಾಗುತ್ತದೆ. ಪ್ರತಿ ಸಲವೂ ಅದರ ಜಾಗದಲ್ಲಿ ಇನ್ನೊಂದು ಕರೆ ಇರಬೇಕಿತ್ತು ಎನಿಸುತ್ತದೆ. ಎರಡೂ ನಿಜ, ನಾನೇನು ಮಾಡಲಿ.

ನಾಮಕರಣದ ಮರುದಿನವೇ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಗೋಡೆ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಅವತ್ತು ಜಯನಗರದಲ್ಲಿ ಒಂದು ಹೋಟೆಲಿನ ಸರ್ವೆ. ಅಮೃತಶಿಲೆಯ ಮೇಜುಗಳ ಕಬ್ಬಿಣದ ಕಾಲುಗಳನ್ನು ನೆಲದೊಳಗೆ ಹೂತಿದ್ದರು. ಮೇಜು ಸಾಮಾನೋ ಕಟ್ಟಡವೋ ಎಂದು ನಾನು ಒಂದೊಂದನ್ನೇ ಹಿಡಿದು ಅಲುಗಿಸಿ ನೋಡುತ್ತಿದ್ದೆ. ಸಾರ್ ಕ್ಯಾಷಿನ ಪಕ್ಕ ಕೂತು ಕಾಫಿ ಆರಿಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು.

"ಏನಮ್ಮಾ, ಮಗಳಿಗೆ ಏನು ಹೆಸರಿಟ್ಟೆ?" ಎಂದು ಕೇಳಿದರು.

ಮಗಳಲ್ಲ ಸಾರ್ ಎಂದು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ಹೆಸರು.

"ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಎಂದರು ಸಾರ್. ಹೋಟೆಲಿನ ಮಾಲೀಕನನ್ನು ಕೂಗಿ "ನಮ್ಮ ಹುಡುಗಿಗೆ ಮಗಳು ಬಂದಿದ್ದಾಳೆ, ಏನಾದ್ರೂ ಸಿಹಿ ಕೊಡಪ್ಪಾ" ಎಂದರು. ಬೆಳಗಿನಿಂದ ನಮ್ಮನ್ನು ಗುಮಾನಿಯಿಂದ ನೋಡುತ್ತಿದ್ದ ಆ ಮನುಷ್ಯ ಮುಖವೆಲ್ಲ ನಗುವಾಗಿ ತಾನೇ ಒಂದು ತಟ್ಟೆಯಲ್ಲಿ ಬಿಸಿ ಕೇಸರಿಬಾತು ತಂದಿಟ್ಟ. "ಲಕ್ಷ್ಮಿ ಬಂದಿದ್ದಾಳೆ ಅನ್ನಿ ಅಕ್ಕಾ" ಎಂದ. ತಟ್ಟೆ ಒರೆಸುವ ಹೆಂಗಸು ಅಡುಗೆಮನೆಯಿಂದ ಇಣುಕಿ ನಕ್ಕಳು. ನಾನು ತಿಂದೆ. ತುಪ್ಪ ಜಾಸ್ತಿ ಹಾಕಿದ್ದರು.

"ಬೆಳಿಗ್ಗೆ ನೀರು ಹಾಕಿ ಬಂದ್ಯಾ?" ಸಾರ್ ಕೇಳಿದರು.

"ಹಾಕಿ ಬಂದೆ ಸಾರ್."

"ರಾತ್ರಿ ನಿದ್ದೆ ಮಾಡ್ತಾಳಾ?"

"ಮಾಡ್ತಾಳೆ ಸಾರ್. ಅಂಗಾಲು ಒತ್ತುತ್ತಾ ಇದ್ರೆ ಬೇಗ ಮಲಗ್ತಾಳೆ."

ಸಾರ್‌ಗೆ ನಿಜ ಹೇಳಿದ್ದು ಕೆಲವು ದಿನಗಳಾದ ಮೇಲೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಆದರೆ ಅವತ್ತು ಆ ಹೋಟೆಲಿನಲ್ಲಿ ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ, ಮಗಳ ಬಗ್ಗೆ, ಒಂದೂ ತಡವರಿಸದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇನ್ನೂ ಅರ್ಧ ಹೋಟೆಲು ನೋಡುವುದು ಬಾಕಿಯಿತ್ತು. ಸಾರ್ ನನ್ನ ಕೈಯಿಂದ ಅಳತೆಯ ಟೇಪನ್ನು ಕಿತ್ತುಕೊಂಡು ಸುತ್ತಿದರು. "ಉಳಿದದ್ದು ನಾಳೆ ಆಗುತ್ತೆ. ಮನೇಲಿ ಮಗು ಕಾಯ್ತಿರುತ್ತೆ, ಹೋಗಮ್ಮಾ" ಎಂದರು.

ಬರುತ್ತೇನೆ ಸಾರ್ ಎಂದು ಚೀಲ ಹೆಗಲಿಗೆ ಹಾಕಿಕೊಂಡೆ. ಬೀದಿಗೆ ಇಳಿದು, ಮನೆಯಲ್ಲಿ ಮಗು ಇರುವ ಹೆಂಗಸರು ನಡೆಯುತ್ತಾರಲ್ಲ, ಹಾಗೆ ಬೇಗ ಬೇಗ ನಡೆದೆ.